ಐವರ ಪಾಸಿನಲ್ಲಿ ಒಬ್ಬ ಮದುಮಗ

ಟಿಕೆಟ್ ಯಂತ್ರದ ಮುಂದೆ ನಿಂತಿದ್ದ ಆ ಮನುಷ್ಯನನ್ನು ಮೊದಲು ನೋಡಿದವಳು ಗುಡ್ರುನ್. ಕಪ್ಪು ಸೂಟು, ಮುಖ ಕಾಣುವಷ್ಟು ಹೊಳೆಯುವ ಬೂಟು, ಎಡಗೈಯಲ್ಲಿ ಬಿಳಿ ಹೂವಿನ ದೊಡ್ಡ ಗೊಂಚಲು. ಬಲಗೈ ಬೆರಳಿನಿಂದ ಯಂತ್ರದ ಗಾಜನ್ನು ಕುಟ್ಟುತ್ತಿದ್ದ. ಮುಖದ ಒಂದು ಪಕ್ಕ ನುಣ್ಣಗೆ ಬೋಳಿಸಿತ್ತು, ಇನ್ನೊಂದು ಪಕ್ಕದಲ್ಲಿ ಬಿಳಿ ಗಡ್ಡದ ಕೂಳೆ ಹಾಗೇ ನಿಂತಿತ್ತು.

"ಮದುವೆಗೆ ಹೊರಟಿದಾನೋ, ಮಣ್ಣಿಗೆ ಹೊರಟಿದಾನೋ?" ಎಂದು ಟ್ರೌಡೆಲ್ ನನ್ನ ಕಿವಿಯಲ್ಲಿ ಕೇಳಿದಳು.

"ಬಿಳೀ ಹೂವು ಎರಡಕ್ಕೂ ಆಗತ್ತೆ. ಕೇಳಿದ್ರೆ ಗೊತ್ತಾಗತ್ತೆ," ಎಂದು ಗುಡ್ರುನ್ ನೇರ ಅವನ ಹತ್ತಿರ ಹೋದಳು. "ಏನ್ರೀ ಯಜಮಾನ್ರೇ, ಅದನ್ನ ಯಾಕ್ ಹಾಗೆ ತಟ್ತಾ ಇದೀರಾ? ಒಳಗಿಂದ ಯಾರಾದ್ರೂ ಬಾಗಿಲು ತೆಗೀತಾರೆ ಅಂತಾನಾ?"

"ಜೆಕ್ ಕಡೆ ಫ್ರೀದ್ಲಂತಿಗೆ ಹೋಗ್ಬೇಕು ತಾಯಿ. ಒಂದು ಗಂಟೆಗೆ ಮದುವೆ ಇದೆ."

"ಯಾರ್ದು?"

"ನಂದೇ."

ಗುಡ್ರುನ್ ಮೂವತ್ತು ವರ್ಷ ಶಾಲೆಯ ಅಡುಗೆಮನೆ ನಡೆಸಿದವಳು. ಯಾರು ಹಸಿದಿದ್ದಾರೆ, ಯಾರು ಹೆದರಿದ್ದಾರೆ ಎನ್ನುವುದು ಅವಳಿಗೆ ತಟ್ಟನೆ ತಿಳಿಯುತ್ತದೆ. ಇನ್ನೊಂದು ಮಾತು ಕೇಳದೆ ಆತನ ತೋಳು ಹಿಡಿದು ಎಳೆದುಕೊಂಡು ಬಂದಳು. "ಯಂತ್ರ ಬಿಡಿ. ಬನ್ನಿ, ನಮ್ಮ ಪಾಸಲ್ಲಿ ಜಾಗ ಇದೆ."

ಜಾಗ ಇದ್ದದ್ದು ನಿಜ. ನಮ್ಮೂರು ತ್ಸಿಟಾವು ಜರ್ಮನಿಯ ಕಟ್ಟಕಡೆಯ ಮೂಲೆ. ಊರ ಹಿಂದಿನ ಹೊಲ ದಾಟಿದರೆ ಪೋಲೆಂಡ್. ರೈಲು ಹತ್ತಿದರೆ ತಂದ ಕಾಫಿ ಆರುವ ಮೊದಲೇ ಜೆಕ್ ನಾಡು. ಈ ಮೂರು ದೇಶಕ್ಕೂ ಸೇರಿ ಒಂದು ದಿನದ ಪಾಸು ಸಿಗುತ್ತದೆ. ಇಬ್ಬರ ಟಿಕೆಟ್ಟಿನ ದುಡ್ಡಿಗೆ ಐವರು ಓಡಾಡಬಹುದು. ರೈಲಾದರೂ ಆಯಿತು, ಬಸ್ಸಾದರೂ ಆಯಿತು. ಪಾಸು ಒಂದೇ ಆದ್ದರಿಂದ ಐವರೂ ಒಟ್ಟಿಗೇ ಇರಬೇಕು, ಅಷ್ಟೇ. ಪ್ರತಿ ಶುಕ್ರವಾರ ಗುಡ್ರುನ್, ಟ್ರೌಡೆಲ್, ನಾನು ಮೂವರೂ ಇದನ್ನು ಕೊಂಡು ಎಲ್ಲಿಗಾದರೂ ಹೊರಡುತ್ತೇವೆ. ಉಳಿದ ಎರಡು ಜಾಗ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕವರಿಗೆ. ಹಾಗೆ ನಮ್ಮ ಜೊತೆ ಪಾದ್ರಿಗಳು ಬಂದಿದ್ದಾರೆ, ಗಿಳಿಯ ಪಂಜರ ಹಿಡಿದ ವಿದ್ಯಾರ್ಥಿನಿ ಬಂದಿದ್ದಾಳೆ. ಮದುಮಗ ಸಿಕ್ಕಿದ್ದು ಇದೇ ಮೊದಲು.

ರೈಲು ಹೊರಟಿತು. ಆತ ಹೂಗೊಂಚಲನ್ನು ತೊಡೆಯ ಮೇಲೆ ಕೂಸಿನಂತೆ ಮಲಗಿಸಿಕೊಂಡು ಕುಳಿತ. ಹೆಸರು ಲೋಥಾರ್. ಅರವತ್ತೊಂಬತ್ತು ವರ್ಷ, ಮಾಡಿಗೆ ಹಂಚು ಹೊದಿಸುವ ಕೆಲಸದಿಂದ ನಿವೃತ್ತ. ಅಣ್ಣನ ಮಗ ಕಾರಿನಲ್ಲಿ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಬೆಳಿಗ್ಗೆ ನೋಡಿದರೆ ಕಾರು ಕೆಮ್ಮಿ ಕೆಮ್ಮಿ ಮಲಗಿಬಿಟ್ಟಿತ್ತು. ಗಡ್ಡ ಅರ್ಧ ಬೋಳಿಸುತ್ತಿದ್ದಾಗ ಈ ಸುದ್ದಿ ಬಂತಂತೆ. ಇನ್ನರ್ಧವನ್ನು ಮರೆತೇಬಿಟ್ಟು ನಿಲ್ದಾಣಕ್ಕೆ ಓಡಿ ಬಂದಿದ್ದ.

"ಹುಡುಗಿ ಯಾರು?" ಎಂದಳು ಟ್ರೌಡೆಲ್, ತನ್ನ ಡಬ್ಬಿಯಿಂದ ಬೇಯಿಸಿದ ಮೊಟ್ಟೆ ತೆಗೆದು ಆತನ ಕೈಗಿಡುತ್ತಾ.

"ವ್ಲಾಸ್ತಾ. ಜೆಕ್‌ನವಳು. ಅಣಬೆಯಿಂದ ಗುರ್ತಾದದ್ದು."

"ಅಣಬೆಯಿಂದ?"

"ಕಾಡಲ್ಲಿ ಗಡಿಕಲ್ಲಿದೆಯಲ್ಲಾ, ಅದರ ಬುಡದಲ್ಲಿ ನನ್ನ ಮುಷ್ಟಿಗಿಂತ ದಪ್ಪ ಅಣಬೆ ಎದ್ದಿತ್ತು. ನಾನು ಬಗ್ಗಿ ಕೈ ಹಾಕ್ದೆ. ಆ ಕಡೆಯಿಂದ ಇನ್ನೊಂದು ಕೈ ಬಂತು. 'ಇದು ನಮ್ಮ ದೇಶದ್ದು' ಅಂತ ಜರ್ಮನ್‌ನಲ್ಲೇ ಜಗಳಕ್ಕೆ ನಿಂತಳು. ಬುಡ ನಿಮ್ಮದು, ಕೊಡೆ ನಮ್ಮ ಕಡೆ ವಾಲಿದೆ ಅಂದೆ. ಕೊನೆಗೆ ಅವಳ ಮನೇಲಿ ಹುರಿದು ಇಬ್ರೂ ತಿಂದ್ವಿ."

"ರುಚಿಯಾಗಿತ್ತಾ?" ಎಂದು ನಾನು ಕೇಳಿದೆ.

"ಉಪ್ಪು ಜಾಸ್ತಿ ಆಗಿತ್ತು. ಹೇಳೋ ಧೈರ್ಯ ಆಗ್ಲಿಲ್ಲ."

ನಾವು ನಕ್ಕೆವು. ಅಷ್ಟರಲ್ಲಿ ರೈಲು ಜೆಕ್ ನಾಡಿನ ಮೊದಲ ನಿಲ್ದಾಣ ಹ್ರಾದೆಕ್‌ನಲ್ಲಿ ನಿಂತಿತು. ನಿಂತದ್ದು ನಿಂತೇ ಇತ್ತು. ಎಂಜಿನ್ ಸದ್ದೂ ಅಡಗಿತು. ಕಂಡಕ್ಟರ್ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾ ಬಂದ. ಬೆಳಗಿನ ಗಾಳಿಗೆ ಮುಂದೆ ಹಳಿಯ ಮೇಲೆ ಮರ ಬಿದ್ದಿದೆ, ಕಡಿದು ಸರಿಸಬೇಕು, ಬದಲಿ ಬಸ್ಸಿಗೆ ಹೇಳಿದ್ದೇವೆ, ಯಾವಾಗ ಬರುತ್ತದೋ ದೇವರೇ ಬಲ್ಲ ಎಂದ.

ಲೋಥಾರ್ ಎದ್ದು ನಿಂತ, ಕುಳಿತ, ಮತ್ತೆ ಎದ್ದ. ಆಮೇಲೆ ಫೋನು ತೆಗೆದ. ಆ ಕಡೆಯ ದನಿ ನಮ್ಮೆಲ್ಲರಿಗೂ ಕೇಳುವಷ್ಟು ಜೋರಾಗಿತ್ತು.

"ಮರ ಬಿದ್ದಿದೆಯಾ? ನಿನ್ನ ಮೇಲೆ ಬಿತ್ತಾ?"

"ಇಲ್ಲ ವ್ಲಾಸ್ತಾ, ಹಳಿ ಮೇಲೆ."

"ಹಾಗಾದ್ರೆ ನಡ್ಕೊಂಡು ಬಾ! ನಮ್ಮ ಹಿಂದೆ ಇನ್ನೆರಡು ಜೋಡಿ ಇದೆ, ಅವರನ್ನ ಮುಂದೆ ಬಿಡೋಕೆ ಹೇಳ್ತೀನಿ. ಆಮೇಲೂ ಬರ್ಲಿಲ್ಲ ಅಂದ್ರೆ ಊಟ ನಾವು ಮಾಡ್ತೀವಿ. ತಟ್ಟೆ ತೊಳೆಯೋಕೆ ನೀನು ಬಾ."

ಫೋನು ಕಟ್ಟಾಯಿತು. ಲೋಥಾರ್ ಮುಖ ಹೂವಿಗಿಂತ ಬೆಳ್ಳಗಾಗಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಯೋಜನೆ ಇದ್ದದ್ದು ಜೆಕ್ ಪೇಟೆ ಲಿಬೆರೆತ್ಸಿಗೆ ಹೋಗಿ, ಬಾತುಕೋಳಿ ಮಾಂಸದ ಜೊತೆ ಹಿಟ್ಟಿನ ಕಡುಬು ತಿಂದು, ಅಂಗಡಿ ಸುತ್ತಿ ಮನೆಗೆ ಬರುವುದು. ಆದರೆ ಆ ಕಡುಬು ಯಾರ ಗಂಟಲಲ್ಲಿ ಇಳಿದೀತು?

ಆಗ ಟ್ರೌಡೆಲ್ ಮೆಲ್ಲಗೆ ಬಾಯಿಬಿಟ್ಟಳು. ಟ್ರೌಡೆಲ್ ಎಂದರೆ ಹೋಟೆಲ್ಲಿನಲ್ಲಿ ಸಾರು ತಣ್ಣಗಿದ್ದರೂ ಬಿಸಿಯಾಗಿದೆ ಎನ್ನುವವಳು. ಬಟ್ಟೆ ಗಿರಣಿಯಲ್ಲಿ ನಾವಿಬ್ಬರೂ ಅಕ್ಕಪಕ್ಕದ ಯಂತ್ರದಲ್ಲಿ ಇಪ್ಪತ್ತು ವರ್ಷ ಹೊಲಿದೆವು. ಅವಳು ಒಂದು ಸಲವಾದರೂ ಸಲಹೆ ಕೊಟ್ಟದ್ದು ನನಗೆ ನೆನಪಿಲ್ಲ.

"ಪೋಲೆಂಡ್ ಮೇಲಿಂದ ಹೋಗ್ಬೋದಲ್ವಾ?" ಎಂದಳು. "ಆ ಹೊಲದ ದಾರೀಲಿ ನಡೆದ್ರೆ ಪೋಲೆಂಡಿನ ಹಳ್ಳಿ. ಅಲ್ಲಿಂದ ಬೊಗಾತಿನ್ಯಾಕ್ಕೆ ಬಸ್ಸಿದೆ. ಬೊಗಾತಿನ್ಯಾದಿಂದ ಫ್ರೀದ್ಲಂತಿಗೆ ಇನ್ನೊಂದು ಬಸ್ಸು."

ಗುಡ್ರುನ್ ಕಣ್ಣು ಕಿರಿದು ಮಾಡಿದಳು. "ನಿಂಗೆ ಹೇಗೇ ಗೊತ್ತು ಇದೆಲ್ಲಾ?"

ಟ್ರೌಡೆಲ್ ಕೆಂಪಾದಳು. "ನಾನು... ಕೂದಲು ಮಾಡಿಸ್ಕೊಳ್ಳೋಕೆ ಬೊಗಾತಿನ್ಯಾಕ್ಕೆ ಹೋಗ್ತೀನಿ."

"ಏನು! ಆ ಗುಂಗುರು ಚರ್ಚಿನ ಪಕ್ಕದ ಅಂಗಡೀದು ಅಂತ ಆರು ವರ್ಷದಿಂದ ಹೇಳ್ತಿದೀಯಲ್ಲೇ! ನಾನು ಅಲ್ಲಿ ಹೋಗಿ, ಟ್ರೌಡೆಲ್ ಥರಾನೇ ಮಾಡಮ್ಮಾ ಅಂದು, ಕುರಿಮರಿ ಹಾಗೆ ಆಗಿ ಬಂದಿದ್ದೀನಿ!"

"ಅದಕ್ಕೇ ಹೇಳ್ಲಿಲ್ಲ ಕಣೇ. ನೀನು ಬೈತೀಯ ಅಂತ."

"ಬೈಯೋದು ಆಮೇಲೆ. ಈಗ ನಡಿ."

"ನೀವ್ಯಾಕೆ ತೊಂದರೆ ತಗೋತೀರಾ..." ಎಂದು ಲೋಥಾರ್ ರಾಗ ಎಳೆದ.

"ನೋಡ್ರೀ, ಪಾಸು ಒಂದು, ಜನ ನಾಲ್ಕು," ಎಂದಳು ಗುಡ್ರುನ್. "ನೀವು ಎಲ್ಲಿಗೋ ನಾವೂ ಅಲ್ಲಿಗೆ. ಕಾನೂನು."

ಜೂನ್ ತಿಂಗಳ ಬಿಸಿಲು. ಹೊಲದ ದಾರಿಯ ಎರಡೂ ಪಕ್ಕ ರೈ ಪೈರು ಸೊಂಟದ ಮಟ್ಟಕ್ಕೆ ಬಂದಿತ್ತು. ಗುಡ್ರುನ್ ಮುಂದೆ, ಅವಳ ಹಿಂದೆ ಹೂವನ್ನು ತಲೆಯ ಮೇಲೆ ಎತ್ತಿ ಹಿಡಿದ ಮದುಮಗ, ಆಮೇಲೆ ಟ್ರೌಡೆಲ್, ಕೊನೆಗೆ ಏದುಸಿರು ಬಿಡುತ್ತಾ ನಾನು. ತೋಡಿನ ಮೇಲಿನ ಕಾಲುಸೇತುವೆ ದಾಟಿದರೆ ಪೋಲೆಂಡ್. ಸೇತುವೆಯ ಆಚೆ ಕೆಸರಿತ್ತು. ಲೋಥಾರ್ ಬೂಟು ಬಿಚ್ಚಿ, ಲೇಸನ್ನು ಗಂಟು ಹಾಕಿ ಕೊರಳಿಗೆ ನೇತುಹಾಕಿಕೊಂಡ. ಸೂಟಿನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿದ. ಆ ಅವತಾರ ನೋಡಿ ನನಗೆ ನಗು ತಡೆಯಲಾಗಲಿಲ್ಲ. ನನ್ನನ್ನು ನೋಡಿ ಆತನೂ ನಕ್ಕ. ಬೆಳಗಿನಿಂದ ಅದೇ ಆತನ ಮೊದಲ ನಗು.

"ಎಲ್ಫ್ರೀಡಮ್ಮ, ನೀವು ನಕ್ಕಿದ್ದು ವ್ಲಾಸ್ತಾಗೆ ಹೇಳ್ತೀನಿ," ಎಂದ. ಎಲ್ಫ್ರೀಡ ಎಂದರೆ ನಾನೇ.

"ಹೇಳಿ. ಅವಳೂ ನಗ್ಲಿ."

ಹಳ್ಳಿಯ ತಂಗುದಾಣಕ್ಕೆ ಬಸ್ಸು ಬಂತು. ಟ್ರೌಡೆಲ್ ಮುಂದೆ ಹೋಗಿ ಪಾಸು ತೋರಿಸಿ, "ಬೊಗಾತಿನ್ಯಾ?" ಎಂದಳು.

ಡ್ರೈವರ್ ಪಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ನೊ," ಎಂದ.

ಲೋಥಾರ್ ಭುಜ ಕುಸಿಯಿತು. ಗುಡ್ರುನ್‌ಗೆ ರೇಗಿತು. "ಯಾಕ್ ಆಗಲ್ಲ? ಮೂರು ದೇಶ ಅಂತ ಬರೆದಿದೆ ನೋಡಪ್ಪಾ! ಕಣ್ಣಿಲ್ವಾ?"

"ನೊ, ನೊ!" ಎನ್ನುತ್ತಾ ಡ್ರೈವರ್ ಎರಡೂ ಕೈಯಲ್ಲಿ ನಮ್ಮನ್ನು ಒಳಕ್ಕೆ ಕರೆಯತೊಡಗಿದ. ಬಾಯಿ ಬೇಡ ಅನ್ನುತ್ತಿದೆ, ಕೈ ಬಾ ಅನ್ನುತ್ತಿದೆ! ಟ್ರೌಡೆಲ್ ಗುಡ್ರುನ್‌ಳ ಬೆನ್ನಿಗೆ ಕೈಕೊಟ್ಟು ಒಳಗೆ ತಳ್ಳಿದಳು. "ಸುಮ್ನೆ ಹತ್ತೇ ಮಾರಾಯ್ತಿ. ಇವರಲ್ಲಿ 'ನೊ' ಅಂದ್ರೆ 'ಹೂಂ' ಅಂತ."

ಲೋಥಾರ್ ಸೀಟಿನಲ್ಲಿ ಕುಸಿದು ಕುಳಿತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಕಣ್ಣೀರು ಒರೆಸಿಕೊಳ್ಳುತ್ತಾ ಹೇಳಿದ: "ಜೆಕ್‌ನಲ್ಲೂ ಹಾಗೇ ಕಣ್ರೀ. ಹೋದ ಶರತ್ಕಾಲದಲ್ಲಿ ವ್ಲಾಸ್ತಾನ ಕೇಳ್ದೆ, ನನ್ನ ಮದುವೆ ಆಗ್ತೀಯಾ ಅಂತ. ಅವಳಿಗೆ ಗಾಬರಿಯಲ್ಲಿ ಜರ್ಮನ್ ಮರೆತುಹೋಯ್ತು. 'ನೊ, ನೊ, ನೊ' ಅಂದಳು. ಇಂಗ್ಲಿಷಿನವರ ನೋ ಅಂದ್ಕೊಂಡು ನಾನು ಟೋಪಿ ಹಾಕ್ಕೊಂಡು ಮನೆಗೆ ಬಂದ್ಬಿಟ್ಟೆ. ಮೂರು ವಾರ ಫೋನ್ ಎತ್ಲಿಲ್ಲ. ನಾಲ್ಕನೇ ವಾರ ಅವಳೇ ಬಾಗಿಲಿಗೆ ಬಂದು, 'ಒಪ್ಕೊಂಡ ಮೇಲೆ ಓಡಿಹೋಗೋ ಗಂಡಸನ್ನ ಇದೇ ಮೊದಲು ನೋಡಿದ್ದು' ಅಂದಳು."

ಬಸ್ಸಿನಲ್ಲಿದ್ದ ಜರ್ಮನ್ ಬಲ್ಲ ಅಜ್ಜಿಯೊಬ್ಬಳು ಇದನ್ನು ಪೋಲಿಷ್‌ನಲ್ಲಿ ಎಲ್ಲರಿಗೂ ಹೇಳಿದಳು. ಡ್ರೈವರ್ ಸ್ಟಿಯರಿಂಗಿನ ಮೇಲೆ ಬಿದ್ದು ನಕ್ಕ. ನಾವು ಇಳಿಯುವಾಗ ಇಡೀ ಬಸ್ಸು "ನೊ, ನೊ, ನೊ!" ಎಂದು ಕೂಗಿ ಲೋಥಾರನನ್ನು ಬೀಳ್ಕೊಟ್ಟಿತು.

ಬೊಗಾತಿನ್ಯಾದಲ್ಲಿ ಮುಂದಿನ ಬಸ್ಸಿಗೆ ಇನ್ನೂ ಸಮಯವಿತ್ತು. ಟ್ರೌಡೆಲ್ ನಮ್ಮನ್ನು ಸೀದಾ ಆ ಕ್ಷೌರದಂಗಡಿಗೆ ಕರೆದುಕೊಂಡು ಹೋದಳು. ಒಡತಿಯ ಹೆಸರು ಗ್ರಾಜಿನಾ, ದಪ್ಪ ಗಾಜಿನ ಬಳೆ ತೊಟ್ಟ ಎತ್ತರದ ಹೆಂಗಸು. ಅವಳ ಜರ್ಮನ್‌ಗೆ ವ್ಯಾಕರಣವಿಲ್ಲ, ಸಂಕೋಚವೂ ಇಲ್ಲ. ಲೋಥಾರನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೊರಳಲ್ಲಿ ಬೂಟು, ಕಾಲಲ್ಲಿ ಕೆಸರು, ಅರ್ಧ ಗಡ್ಡ.

"ಇದು ಏನು? ಮದುಮಗ?" ಎಂದಳು. "ಈ ಮುಖ ಹೋಗುತ್ತೆ, ಹೆಣ್ಣು ಓಡುತ್ತೆ. ಕೂತ್ಕೋ!"

ಆತನನ್ನು ಕುರ್ಚಿಗೆ ತಳ್ಳಿ ನೊರೆ ಬಳಿದಳು. ಉಳಿದರ್ಧ ಗಡ್ಡ ಹೋಯಿತು, ಕಿವಿಯ ಕೂದಲು ಹೋಯಿತು, ಹುಬ್ಬು ತಿದ್ದಿದಳು. ನಾನು ಬೂಟು ಒರೆಸಿದೆ, ಟ್ರೌಡೆಲ್ ಪ್ಯಾಂಟಿನ ಅಂಚಿಗೆ ನೀರು ಚಿಮುಕಿಸಿ ಇಸ್ತ್ರಿ ಹಾಕಿದಳು. ಗುಡ್ರುನ್ ಹೂವಿಗೆ ನೀರು ಕೊಟ್ಟು, ಕನ್ನಡಿಯಲ್ಲಿ ತನ್ನ ಕೂದಲು ನೋಡಿಕೊಂಡು ನಿಟ್ಟುಸಿರು ಬಿಟ್ಟಳು.

"ಸಾಕ್ಷಿ ಯಾರು?" ಎಂದು ಗ್ರಾಜಿನಾ ಕತ್ತರಿ ಆಡಿಸುತ್ತಲೇ ಕೇಳಿದಳು.

ಲೋಥಾರ್ ಕುರ್ಚಿಯಲ್ಲೇ ಬೆಚ್ಚಿದ. "ಅಯ್ಯೋ! ಅಣ್ಣನ ಮಗ ಒಂದು ಸಾಕ್ಷಿ, ಅವನು ಕಾರಿನ ಹತ್ತಿರಾನೇ ಉಳ್ಕೊಂಡ. ಅವನ ಹೆಂಡತಿ ಇನ್ನೊಬ್ಬಳು ಸಾಕ್ಷಿ. ಅವಳೂ ಅಲ್ಲೇ."

"ಅಲ್ಲಾಡ್ಬೇಡ, ಕಿವಿ ಹೋಗುತ್ತೆ," ಎಂದಳು ಗ್ರಾಜಿನಾ. ಮೇಜಿನ ಮೇಲಿದ್ದ ನಮ್ಮ ಪಾಸಿನ ಕಡೆ ಕತ್ತರಿ ತೋರಿಸಿದಳು. "ನಿಮ್ಮ ಪಾಸು ಐದು ಜನ?"

"ಹೌದು," ಎಂದಳು ಗುಡ್ರುನ್. "ಈಗ ನಾಲ್ಕೇ ಇದ್ದೀವಿ."

ಗ್ರಾಜಿನಾ ಹೆಗಲ ಮೇಲಿನ ಬಟ್ಟೆ ತೆಗೆದು ಮೊಳೆಗೆ ಹಾಕಿದಳು, ಅಂಗಡಿ ಮುಚ್ಚಿದೆ ಎಂದು ಬಾಗಿಲ ಫಲಕ ತಿರುಗಿಸಿದಳು, ತುಟಿಗೆ ಕೆಂಪು ಬಳಿದುಕೊಂಡಳು. "ಇಪ್ಪತ್ತು ವರ್ಷ ಮದುವೆ ಹುಡುಗೀರ ಕೂದಲು ಕಟ್ಟಿದೀನಿ. ಒಂದು ಮದುವೆಗೂ ಯಾರೂ ಕರೆದಿಲ್ಲ. ಇವತ್ತು ನಾನೇ ಬರ್ತೀನಿ. ಒಂದು ಸಾಕ್ಷಿ ನಾನು."

"ಇನ್ನೊಂದು ನಾನು," ಎಂದಳು ಗುಡ್ರುನ್.

ಫ್ರೀದ್ಲಂತಿನ ಚೌಕದಲ್ಲಿ ಬಸ್ಸು ನಿಂತಾಗ ಮೊದಲು ಕಂಡದ್ದು ಪುರಭವನದ ಮೆಟ್ಟಿಲ ಮೇಲೆ ನೀಲಿ ಉಡುಪಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ ಹೆಂಗಸು. ಇನ್ನೊಂದು ಕೈಯಲ್ಲಿ ಅರ್ಧ ತಿಂದ ಸಿಹಿ ರೊಟ್ಟಿ. ವ್ಲಾಸ್ತಾ. ಲೋಥಾರ್ ಇಳಿದ. ಅವನ ಹಿಂದೆ ಗುಡ್ರುನ್ ಇಳಿದಳು, ಟ್ರೌಡೆಲ್ ಇಳಿದಳು, ನಾನು ಇಳಿದೆ, ಕೊನೆಗೆ ಬಳೆ ಝಣಝಣಿಸುತ್ತಾ ಗ್ರಾಜಿನಾ.

"ಭೇಷ್!" ಎಂದು ವ್ಲಾಸ್ತಾ ಮೆಟ್ಟಿಲ ಮೇಲಿಂದಲೇ ಕೂಗಿದಳು. "ನನ್ನ ಮದುವೆ ಆಗೋಕೆ ನಾಲ್ಕು ಹೆಂಗಸರನ್ನ ಕರ್ಕೊಂಡು ಬಂದಿದೀಯಲ್ಲೋ! ಒಬ್ಬಳು ಸಾಲಲ್ವಾ?"

"ಇವರಿಲ್ದೇ ಇದ್ರೆ ಆ ಒಬ್ಬಳೂ ಸಿಕ್ತಿರ್ಲಿಲ್ಲ," ಎಂದ ಲೋಥಾರ್. ಹೂ ಕೊಡುವುದನ್ನೇ ಮರೆತ. ಅವಳೇ ಇಳಿದು ಬಂದು ಆತನ ನುಣುಪಾದ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಇದು ಯಾರ ಕೈಕೆಲಸ? ಮೂವತ್ತರ ಹುಡುಗನ ಹಾಗೆ ಕಾಣ್ತೀಯ," ಎಂದಳು. ಆಮೇಲೆ ಅವನ ಎದೆಗೆ ಹಣೆ ಒತ್ತಿ ಒಂದು ಗಳಿಗೆ ಹಾಗೇ ನಿಂತಳು. ಅಷ್ಟು ಗಟ್ಟಿ ಹೆಂಗಸು ಬೆಳಗಿನಿಂದ ಎಷ್ಟು ಹೆದರಿದ್ದಳೋ ಎಂದು ನನಗೆ ಆಗಲೇ ತಿಳಿದದ್ದು.

ಮುಂದೆ ಬಿಟ್ಟ ಎರಡು ಜೋಡಿಗಳ ಮದುವೆ ಮುಗಿದುಹೋಗಿತ್ತು. ಅವರ ಕಡೆಯವರು ಹೋಗದೆ, ಈ ಮದುಮಗನ ದಾರಿ ಕಾಯುತ್ತಾ ಚೌಕದಲ್ಲೇ ನಿಂತಿದ್ದರು. ನಾವು ಒಳಗೆ ಹೋಗುವಾಗ ಚಪ್ಪಾಳೆ ತಟ್ಟಿದರು. ಮದುವೆ ಮಾಡಿಸುವ ಅಧಿಕಾರಿಣಿ ಕೊರಳಿಗೆ ತನ್ನ ಪದವಿಯ ಸರಪಳಿ ಹಾಕಿಕೊಂಡು ಜೆಕ್‌ನಲ್ಲಿ ಓದಿದಳು, ದುಭಾಷಿ ಒಂದೊಂದೇ ವಾಕ್ಯ ಜರ್ಮನ್‌ಗೆ ತಿರುಗಿಸಿದ, ನಾನು ಎರಡೂ ಭಾಷೆಯಲ್ಲಿ ಅತ್ತೆ. ಗುಡ್ರುನ್ ಸಹಿ ಹಾಕಿದಳು. ಗ್ರಾಜಿನಾ ಅವಳ ಹೆಸರಿನ ಕೆಳಗೆ ಬಾಲ ಉದ್ದ ಎಳೆದು ಸಹಿ ಹಾಕಿದಳು.

ಊಟದ ಮನೆಯ ಹೊಸ್ತಿಲಲ್ಲಿ ಪಿಂಗಾಣಿ ತಟ್ಟೆಯೊಂದನ್ನು ನೆಲಕ್ಕೆ ಹೊಡೆದು ಚೂರು ಮಾಡಿದರು. ಅದನ್ನು ಗಂಡ ಹೆಂಡತಿ ಸೇರಿ ಗುಡಿಸಬೇಕು, ಅದು ಅಲ್ಲಿನ ಮದುವೆಯ ಶಾಸ್ತ್ರ. ಲೋಥಾರ್ ಮೊರ ಹಿಡಿದ, ವ್ಲಾಸ್ತಾ ಪೊರಕೆ ಹಿಡಿದಳು. ಅವಳ ಅಣ್ಣ ತಮ್ಮಂದಿರು ಗುಡಿಸಿದ್ದನ್ನೆಲ್ಲಾ ಕಾಲಿನಿಂದ ಮತ್ತೆ ಚೆಲ್ಲಾಡಿದರು. ಆಮೇಲೆ ಇಬ್ಬರನ್ನೂ ಒಂದೇ ಟವೆಲಿನಲ್ಲಿ ಸುತ್ತಿ ಕೂರಿಸಿ, ಒಂದೇ ಬಟ್ಟಲು, ಒಂದೇ ಚಮಚ ಕೊಟ್ಟು ಸಾರು ಕುಡಿಸಿದರು. ಲೋಥಾರ್ ಒಂದು ಚಮಚ ಬಾಯಿಗಿಟ್ಟು, ನಮ್ಮ ಮೇಜಿನ ಕಡೆ ತಿರುಗಿ, ಕಣ್ಣು ಮಿಟುಕಿಸಿದ.

"ಉಪ್ಪು ಜಾಸ್ತಿ ಆಗಿದೆ," ಎಂದಳು ಗುಡ್ರುನ್ ನನ್ನ ಕಿವಿಯಲ್ಲಿ. "ಹೇಳಲ್ಲ ನೋಡು. ಇನ್ನು ಸಾಯೋವರೆಗೂ ಹೇಳಲ್ಲ."

ಊಟ ಮುಗಿಯುವ ಹೊತ್ತಿಗೆ ಅಕಾರ್ಡಿಯನ್ ಬಂತು, ತುತ್ತೂರಿ ಬಂತು. ಸಂಕೋಚದ ಮುದ್ದೆ ಟ್ರೌಡೆಲ್ ವ್ಲಾಸ್ತಾಳ ಇಬ್ಬರು ತಮ್ಮಂದಿರ ನಡುವೆ ಗಿರಗಿರನೆ ತಿರುಗಿದಳು, ಗುಂಗುರು ಒಂದೂ ಅಲುಗಲಿಲ್ಲ. "ನೋಡು, ಕೆಲಸ ಅಂದ್ರೆ ಅದು," ಎಂದು ಗ್ರಾಜಿನಾ ಬೀಗಿದಳು. ಗುಡ್ರುನ್ ಅಲ್ಲೇ ಅವಳ ಹತ್ತಿರ ಮುಂದಿನ ವಾರಕ್ಕೆ ಸಮಯ ಗೊತ್ತು ಮಾಡಿಕೊಂಡಳು. ದುಭಾಷಿ ನನ್ನ ಮುಂದೆ ಬಂದು ಬಗ್ಗಿ, "ಕುಣಿಯೋಣ್ವಾ?" ಎಂದ. ನನ್ನ ಗಂಡ ಮನ್‌ಫ್ರೆಡ್ ತೀರಿಕೊಂಡು ಐದು ವರ್ಷ. ಬದುಕಿದ್ದಾಗಲೂ ಆತ ಕುಣಿಯುತ್ತಿರಲಿಲ್ಲ. ಪರದೇಶ ಅಂದರೆ ಹೊಟ್ಟೆ ಕೆಡುತ್ತದೆ ಅನ್ನುತ್ತಿದ್ದ. ನಾನು ಬೇಡ ಎನ್ನಲು ಬಾಯಿ ತೆರೆದೆ. ಆಗಲೇ ಎದ್ದು ನಿಂತಿದ್ದೆ. ಪೋಲ್ಕಾ ಎಷ್ಟು ವೇಗದ ಕುಣಿತ ಎನ್ನುವುದೇ ನನಗೆ ಮರೆತುಹೋಗಿತ್ತು. ಮೂರನೇ ಸುತ್ತಿಗೆ ಚಪ್ಪಲಿ ಬಿಸಾಡಿದೆ.

ಇಳಿಹೊತ್ತಿನಲ್ಲಿ ನಮ್ಮನ್ನು ಕಳಿಸಲು ಮದುವೆಮನೆಯೇ ನಿಲ್ದಾಣಕ್ಕೆ ಬಂತು, ವಾದ್ಯದ ಸಮೇತ. ಗ್ರಾಜಿನಾಳನ್ನು ವ್ಲಾಸ್ತಾಳ ತಮ್ಮನೊಬ್ಬ ತಾನೇ ಮನೆಗೆ ಬಿಟ್ಟು ಬರುತ್ತೇನೆಂದು ಹಟ ಹಿಡಿದ. ಅವಳು ಒಲ್ಲೆ ಎಂದೇನೂ ಹೇಳಲಿಲ್ಲ. ವ್ಲಾಸ್ತಾ ನಮ್ಮ ಮೂವರ ಕೈಗೂ ಸಿಹಿ ರೊಟ್ಟಿಯ ಪೊಟ್ಟಣ ತುರುಕಿ, ಒಬ್ಬೊಬ್ಬರನ್ನೂ ಉಸಿರು ಕಟ್ಟುವಂತೆ ಅಪ್ಪಿಕೊಂಡಳು. "ಕಾಡಿಗೆ ಬನ್ನಿ, ಅಣಬೆ ಕಾಲದಲ್ಲಿ. ನಮ್ಮ ಕಡೆಯಿಂದ ಬನ್ನಿ, ಅವನ ಕಡೆಯಿಂದ ಬೇಡ."

ಮರ ಸರಿಸಿ ಹಳಿ ಸರಿಮಾಡಿದ್ದರು. ಲಿಬೆರೆತ್ಸಿನಲ್ಲಿ ರೈಲು ಬದಲಿಸಿದಾಗ ಸಿಕ್ಕವನು ಬೆಳಗಿನ ಅದೇ ಕಂಡಕ್ಟರ್. ಪಾಸು ನೋಡಿದ, ನಮ್ಮನ್ನು ನೋಡಿದ.

"ಬೆಳಿಗ್ಗೆ ಒಬ್ಬರು ಯಜಮಾನರಿದ್ದರಲ್ಲಾ? ಎಲ್ಲಿ?"

"ಮದುವೆ ಮಾಡಿಕೊಟ್ಟು ಬಂದ್ವಿ," ಎಂದಳು ಗುಡ್ರುನ್.

ಆತ ತಮಾಷೆ ಎಂದುಕೊಂಡ. ಟ್ರೌಡೆಲ್, ಹೌದು ನಮ್ಮ ಟ್ರೌಡೆಲ್ಲೇ, ಮೊದಲಿನಿಂದ ಕೊನೆಯವರೆಗೆ ಕಥೆ ಹೇಳಿದಳು. ಕಂಡಕ್ಟರ್ ಎದುರು ಸೀಟಿನಲ್ಲಿ ಕುಳಿತು ರೊಟ್ಟಿ ತಿನ್ನುತ್ತಾ ಕೇಳಿದ. ಕೇಳಿ ಮುಗಿದ ಮೇಲೆ ಎದ್ದುಹೋಗಿ ಧ್ವನಿವರ್ಧಕದಲ್ಲಿ ಮೊದಲು ಜೆಕ್‌ನಲ್ಲಿ, ಆಮೇಲೆ ಜರ್ಮನ್‌ನಲ್ಲಿ ಸಾರಿದ: ಈ ಬೋಗಿಯಲ್ಲಿರುವ ಮೂವರು ಮಹಿಳೆಯರು ಇವತ್ತು ಒಬ್ಬ ಮದುಮಗನನ್ನು ಮೂರು ದೇಶ ಸುತ್ತಿಸಿ ಮದುವೆಗೆ ಮುಟ್ಟಿಸಿದ್ದಾರೆ.

ಬೋಗಿಯ ಆ ತುದಿಯಿಂದ ಯಾರೋ ಶಿಳ್ಳೆ ಹೊಡೆದರು. ಸೈಕಲ್ ಹಿಡಿದ ದಂಪತಿ ಬಂದು ರೊಟ್ಟಿ ಕೇಳಿ ಇಸಿದುಕೊಂಡರು, ಬದಲಿಗೆ ಚೆರ್ರಿ ಹಣ್ಣು ಕೊಟ್ಟರು. ಇನ್ನೊಬ್ಬರು ಬಿಯರ್ ತಂದರು. ತ್ಸಿಟಾವು ಬಂದಾಗ ಟ್ರೌಡೆಲ್ ಇನ್ನೊಂದು ಗುಂಪಿಗೆ ಅದೇ ಕಥೆಯನ್ನು ಎರಡನೇ ಸಲ ಹೇಳುತ್ತಿದ್ದಳು. ಕಂಡಕ್ಟರ್ ಬಾಗಿಲು ಹಿಡಿದು, "ಅಮ್ಮಾ, ನಿಮ್ಮೂರು ಬಂತು," ಎಂದು ಎರಡು ಸಲ ಕೂಗಿದ.

"ತಡಿಯಪ್ಪಾ," ಎಂದಳು ಟ್ರೌಡೆಲ್ ತಿರುಗಿಯೂ ನೋಡದೆ. "ಈಗಷ್ಟೇ ಕೆಸರು ದಾಟ್ತಾ ಇದ್ದೀವಿ."